ಬಾಗಿಲ ಹೊರಗಿನ ಪಾಳಿ

ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಹನ್ನೊಂದು ಮನೆಗಳು. ತಿಂಗಳ ಮೂರನೇ ಶನಿವಾರ ಸಂಜೆ ಪಾಳಿ ಬಂದವರ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಮೊದಲ ಪ್ರಾರ್ಥನೆ ಆ ಮನೆಯವರದು. ಹಾಡು, ವಾಕ್ಯ ಆದ ಮೇಲೆ ಒಬ್ಬೊಬ್ಬರೂ ತಮ್ಮ ಬಿನ್ನಹ ಹೇಳುತ್ತಾರೆ, ಕೊನೆಗೆ ಚಹಾ. ವರ್ಷಕ್ಕೆ ಹನ್ನೆರಡು ತಿಂಗಳು, ಮನೆಗಳು ಹನ್ನೊಂದು. ಆಗಸ್ಟ್ ಖಾಲಿ. ಆ ಖಾಲಿ ತಿಂಗಳನ್ನು ನಾನು ಎರಡು ವರ್ಷ ಸುಮ್ಮನೆ ನೋಡಿದೆ. ಈ ವರ್ಷ ಕೇಳಿದೆ.

ನಾನು ಸಲೋಮಿ, ಬೆಟಗೇರಿಯವಳು. ಏಳನೇ ತರಗತಿಗೆ ಶಾಲೆ ಬಿಟ್ಟೆ. ದಿನಕರ ಅಣ್ಣಾರ ಮನೆಯಲ್ಲಿದ್ದು ಕೆಲಸ ಮಾಡುತ್ತೇನೆ. ಅಣ್ಣಾರು ಬ್ಯಾಂಕಿನ ಅಧಿಕಾರಿ. ಮೊದಲು ಕೊಚ್ಚಿಯ ಕಳಮಶ್ಶೇರಿಯಲ್ಲಿದ್ದರು. ವರ್ಗವಾಗಿ ತಿರುವನಂತಪುರಕ್ಕೆ ಬಂದಾಗ ಫ್ರಿಜ್ಜು, ಸೋಫಾ, ನಾನು ಒಂದೇ ಲಾರಿಯಲ್ಲಿ ಬಂದೆವು. ಈಗ ಕಳಕ್ಕೂಟಂನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು. ಅಡುಗೆಮನೆಯ ಹಿಂದಿನ ಜಾಗಕ್ಕೆ ಇಲ್ಲಿ ವರ್ಕ್ ಏರಿಯಾ ಅನ್ನುತ್ತಾರೆ. ಮೀನು ತೊಳೆಯುವ ತೊಟ್ಟಿ, ವಾಷಿಂಗ್ ಮಷೀನು, ಅದರ ಪಕ್ಕ ನನ್ನ ಮಂಚ.

ನನಗೆ ಮಾತು ಕಡಿಮೆ. ಆದರೆ ಟ್ರೇ ಹಿಡಿದು ಬಾಗಿಲ ಬಳಿ ನಿಂತವಳಿಗೆ ಎಲ್ಲ ಕಾಣುತ್ತದೆ. ಯಾರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ, ಯಾರು ಅರ್ಧ ಕಣ್ಣು ತೆರೆದು ಪಕ್ಕದವರ ಸೀರೆ ನೋಡುತ್ತಾರೆ, ಎಲ್ಲ.

ಕಳಮಶ್ಶೇರಿಯಲ್ಲಿದ್ದಾಗಲೂ ಇಂಥದೇ ಒಂದು ಕೂಟವಿತ್ತು. ಒಂದು ಸಲ ಅದು ನಮ್ಮ ಮನೆಯಲ್ಲಿ ಸೇರಿದ್ದ ದಿನ, ಊರಿನಲ್ಲಿ ಅವ್ವನನ್ನು ಹೊಟ್ಟೆಯ ಗಡ್ಡೆಯ ಆಪರೇಷನ್‌ಗೆ ಆಸ್ಪತ್ರೆಗೆ ಸೇರಿಸಿದ್ದರು. ಒಬ್ಬರು ಮಗನ ಎಂಟ್ರೆನ್ಸ್ ಪರೀಕ್ಷೆಗೆ ಬಿನ್ನಹ ಹೇಳಿದರು, ಒಬ್ಬರು ವರ್ಗಾವಣೆಗೆ, ಒಬ್ಬರು ಮಂಡಿನೋವಿಗೆ. "ಇನ್ಯಾರದ್ದಾದ್ರೂ ಇದೆಯಾ?" ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆದೆ.

"ಸಲೋಮಿ, ಟೀ ತಾ," ಎಂದರು ಪ್ರೇಮಾ ಅಕ್ಕಾರು, ಅಣ್ಣಾರ ಹೆಂಡತಿ.

ತಂದುಕೊಟ್ಟೆ. ಆಮೇಲೆ ಒಲೆಯ ಮುಂದೆ ನಿಂತು, ಕರ್ತನೇ, ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ ಎಂದೆ. ಆತ ಕೇಳಿದ. ಅವ್ವ ಬದುಕಿ ಮತ್ತೆ ಮಗ್ಗಕ್ಕೆ ಕೂತಳು. ಉಪಕಾರ ಪಡೆದವರು ತಮ್ಮ ಪಾಳಿಯ ದಿನ ಎಲ್ಲರ ಮುಂದೆ ಸ್ತೋತ್ರ ಹೇಳುವುದು ನಮ್ಮಲ್ಲಿ ಪದ್ಧತಿ. ನನಗೆ ಪಾಳಿಯೇ ಇರಲಿಲ್ಲ. ಮೂರು ವರ್ಷ ಆ ಸ್ತೋತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಈ ಜುಲೈನಲ್ಲಿ ಕೂಟ ಕಿಶೋರ್ ಸರ್ ಮನೆಯಲ್ಲಿ ಸೇರಿತ್ತು. ಅವರು ರಾಕೆಟ್ಟಿನ ಆಫೀಸಿನವರು, ಪಾಳಿಯ ಪಟ್ಟಿ ಇಡುವವರೂ ಅವರೇ. "ಆಗಸ್ಟ್ ಎಂದಿನಂತೆ ಇಲ್ಲ, ಸೆಪ್ಟೆಂಬರ್ ವಿಜಯಾ ಆಂಟಿ ಮನೇಲಿ," ಎಂದರು.

"ಆಗಸ್ಟ್ ನನಗ ಕೊಡ್ರಿ," ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಪ್ರೇಮಾ ಅಕ್ಕಾರು ನಕ್ಕರು. "ಅವಳದು ಅಂದ್ರೆ ನಮ್ಮದೇ ಅಲ್ವಾ. ನಮ್ಮದು ಜೂನ್‌ನಲ್ಲೇ ಆಯ್ತು."

"ನಿಮ್ದು ಆತ್ರಿ ಅಕ್ಕಾರ. ನಂದು ಆಗಿಲ್ಲ."

ಕಿಶೋರ್ ಸರ್ ಒಮ್ಮೆ ಅಕ್ಕಾರನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ತಲೆ ಬಗ್ಗಿಸಿ ಫೋನಿನಲ್ಲಿ ಬರೆದುಕೊಂಡರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕಾರು ಶುರು ಮಾಡಿದರು. "ಅಷ್ಟು ಜನರನ್ನ ಎಲ್ಲಿ ಕೂರಿಸ್ತೀಯ? ಮೀನು ತೊಳೆಯೋ ಜಾಗದಲ್ಲಾ?"

"ಹೌದ್ರಿ. ಕರ್ತನ ಹಿಂದ ಮದಲ ಹೋದವರು ಮೀನು ಹಿಡಿಯೋರ ಅಲ್ಲೇನ್ರಿ."

"ನನಗೇ ಪಾಠ ಹೇಳ್ಬೇಡ. ನಿನ್ನ ಮನೆಯವಳ ಥರ ನೋಡ್ಕೊಂಡಿದ್ದೀವಿ. ಈಗ ಊರವರ ಮುಂದೆ ನಾವೇನೋ ಕೆಟ್ಟವರು ಅನ್ನೋ ಹಾಗೆ ಮಾಡ್ದೆ."

"ಮನಿಯಾಕಿ ಆಗಿದ್ರ ಒಂದ ಸಲನಾರ ನನ್ನ ಬಿನ್ನಹ ಕೇಳ್ತಿದ್ರಿ."

ಅಷ್ಟು ದೊಡ್ಡ ಮಾತನ್ನು ನಾನು ಆ ಮನೆಯಲ್ಲಿ ಅದುವರೆಗೆ ಆಡಿರಲಿಲ್ಲ. ಹೋಗಿ ಪಾತ್ರೆ ತೊಳೆಯತೊಡಗಿದೆ. ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಕೂಟದ ವಾರ ರಜೆ ಕೇಳಿ ಬಸ್ಸಿನಲ್ಲಿ ಚಾಲೈ ಪೇಟೆಗೆ ಹೋಗಿ ಮೂರು ಚಾಪೆ ತಂದೆ. ಗಿರಮಿಟ್ಟಿಗೆ ಒಂದು ದೊಡ್ಡ ಪೊಟ್ಟಣ ಮಂಡಕ್ಕಿಯನ್ನೂ ತಂದೆ. ಬೇರೆ ಮನೆಗಳಲ್ಲಿ ಕೇಕು, ಕಟ್ಲೆಟ್ಟು ಇರುತ್ತದೆ. ನನ್ನ ಪಾಳಿಯಲ್ಲಿ ನಮ್ಮೂರಿನದೇ ಇರಲಿ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅಕ್ಕಾರು ಫ್ರಿಜ್ಜಿನ ಮೇಲಿದ್ದ ಮದುವೆಯ ಕಾರ್ಡು ಕೈಗೆತ್ತಿಕೊಂಡರು. ಕೊಚ್ಚಿಯಲ್ಲಿ ಹಳೆಯ ಮ್ಯಾನೇಜರ ಮಗಳ ಮದುವೆ. ಹೋಗುವುದಿಲ್ಲ ಎಂದು ಹಿಂದಿನ ವಾರವೇ ತೀರ್ಮಾನಿಸಿದ್ದರು.

"ನಾಳೆ ಐದೂವರೆಗೆ ಹೊರಡ್ತೀವಿ. ಸಮೀಕ್ಷಾನ ನೋಡ್ಕೊಳ್ಳೋಕೆ ನೀನೂ ಬಾ." ಸಮೀಕ್ಷಾ ಅವರ ಮಗಳು.

"ನಾ ಬರಂಗಿಲ್ರಿ."

"ಮನೆಗೆ ಬೀಗ ಹಾಕ್ಕೊಂಡು ಹೋಗ್ತೀವಿ. ಎಲ್ಲಿರ್ತೀಯ?"

"ಬಾಗಲದ ಹೊರಗ."

ಅಣ್ಣಾರು ಪೇಪರ್ ಕೆಳಗಿಟ್ಟರು. "ಪ್ರೇಮಾ, ಕೀ ಕೊಟ್ಟು ಹೋಗೋಣ ಬಿಡೇ."

"ಕೊಟ್ರೆ ನಾನು ಒಪ್ಪಿದ ಹಾಗೆ. ಬರಲ್ಲ ಅನ್ನೋಳಿಗೆ ಈ ಮನೆ ಕೆಲಸಾನೂ ಬೇಡ್ವೇನೋ."

"ಅದು ನಿಮ್ಮ ಇಷ್ಟಾರಿ ಅಕ್ಕಾರ," ಎಂದೆ. ಕೆಲಸ ಹೋದರೆ ಎಲ್ಲಿಗೆ ಹೋಗುವುದೋ ಗೊತ್ತಿರಲಿಲ್ಲ. ಕರ್ತನಿಗೆ ಗೊತ್ತಿರಬಹುದು ಎಂದು ಈರುಳ್ಳಿ ಹೆಚ್ಚಲು ಕೂತೆ.

ಶನಿವಾರ ನಸುಕಿನಲ್ಲೇ ಒಗ್ಗರಣೆ ಮಾಡಿ ಡಬ್ಬಿಗೆ ತುಂಬಿದೆ. ಚಾಪೆ, ಮಂಡಕ್ಕಿ, ಒಂದು ಪಾತ್ರೆ, ಡಬ್ಬಿ, ಎಲ್ಲ ಹೊರಗಿಟ್ಟೆ. ಅಕ್ಕಾರು ನನ್ನ ಕಡೆ ನೋಡದೆ ಬೀಗ ಹಾಕಿ, ಎಳೆದು ನೋಡಿದರು. ಪುಟ್ಟ ಸಮೀಕ್ಷಾ ಲಿಫ್ಟಿನೊಳಗಿಂದ "ಸಲೋಮಿ ಚೇಚಿ ವರುನ್ನಿಲ್ಲೇ?", ಅಕ್ಕ ಬರಲ್ವಾ, ಎಂದು ಮಲಯಾಳದಲ್ಲಿ ಕೇಳುತ್ತಿದ್ದಂತೆ ಬಾಗಿಲು ಮುಚ್ಚಿಕೊಂಡಿತು.

ಕೂಟದ ಗ್ರೂಪಿನಲ್ಲಿ ನಾನು ಅದುವರೆಗೆ ಒಂದಕ್ಷರವನ್ನೂ ಹಾಕಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. "ಕೂಟ ನಾಲ್ಕು ಗಂಟೆಗೆ. ನಾಲ್ಕನೇ ಮಹಡಿ. ಬಾಗಿಲ ಹೊರಗೆ."

ಎದುರು ಮನೆಯ ಶೋಭನಾ ಚೇಚಿ ಹಾಲಿನ ಪ್ಯಾಕೆಟ್ಟಿಗೆ ಬಾಗಿಲು ತೆರೆದರು. "ಎಂತು ಪಟ್ಟಿ ಮೋಳೇ?" ಏನಾಯ್ತು ಮಗಳೇ ಎಂದು ಕೇಳಿದರು, ನಡೆದದ್ದನ್ನು ನನಗೆ ಬಂದಷ್ಟು ಮಲಯಾಳದಲ್ಲಿ ಹೇಳಿದೆ. ಚೇಚಿ ದಿನವೂ ದೀಪ ಹಚ್ಚಿ ನಾಮ ಜಪಿಸುವವರು. ಬೀಗವನ್ನೊಮ್ಮೆ ನೋಡಿದರು. ಮಧ್ಯಾಹ್ನ ಕರೆದು ಊಟ ಹಾಕಿದರು. ಸಂಜೆಗೆ ಎರಡು ಕುರ್ಚಿ, ಒಂದು ದೊಡ್ಡ ಫ್ಲಾಸ್ಕಿನ ತುಂಬ ಚಹಾ ತಂದಿಟ್ಟರು.

ನಾಲ್ಕಾಯಿತು. ಯಾರೂ ಇಲ್ಲ. ಲಿಫ್ಟು ಬಂದಾಗಲೆಲ್ಲ ಎದ್ದು ನಿಂತೆ. ಒಮ್ಮೆ ಕೊರಿಯರಿನವನು, ಒಮ್ಮೆ ನಾಯಿ ಹಿಡಿದ ಹುಡುಗಿ. ಬರದಿದ್ದರೆ ಒಬ್ಬಳೇ ಹೇಳುತ್ತೇನೆ, ಆದರೆ ಗಟ್ಟಿಯಾಗಿ ಹೇಳುತ್ತೇನೆ ಎಂದು ನಿರ್ಧರಿಸಿದೆ.

ನಾಲ್ಕೂವರೆಗೆ ವಿಜಯಾ ಆಂಟಿ ಕೋಲೂರಿಕೊಂಡು ಬಂದರು. "ಬಾಗಿಲಿಗೆ ಬೀಗ, ಹೊರಗೆ ಚಾಪೆ. ಏನೇ ಇದು, ರೈಲು ತಪ್ಪಿಸ್ಕೊಂಡೋಳ ಥರ ಕೂತಿದ್ದೀಯ."

"ಕೂಡ್ರಿ ಆಂಟಿ, ಕುರ್ಚಿ ಐತ್ರಿ."

"ಕೂರ್ತೀನಿ. ಆ ಪ್ರೇಮಾ ಬರ್ಲಿ, ಅವಳಿಗಿದೆ."

"ಅಕ್ಕಾರಿಗೆ ಏನೂ ಅನಬ್ಯಾಡ್ರಿ. ಇದು ನಂದು ಪಾಳಿ."

ಕಿಶೋರ್ ಸರ್, ಅವರ ಹೆಂಡತಿ ಬಂದರು. ಇನ್ನೂ ಮೂವರು ಬಂದರು. ಹನ್ನೊಂದು ಮನೆಗಳಿಂದ ಆರು ಜನ. ಲಿಫ್ಟಿನಿಂದ ಇಳಿದವರಿಗೆ ದಾರಿ ಬಿಡಲು ಕಾಲು ಮಡಚಿ ಕೂತರು.

"ಶುರು ಮಾಡಮ್ಮ," ಎಂದರು ಕಿಶೋರ್ ಸರ್.

ಎದ್ದು ನಿಂತೆ. "ಕರ್ತನೇ, ನಮ್ಮವ್ವನ್ನ ಉಳಿಸಿದಿ. ಮೂರು ವರ್ಷ ಆತು, ಯಾರ ಮುಂದನೂ ಹೇಳಾಕ ಆಗಿರಲಿಲ್ಲ. ಇವತ್ತ ಹೇಳಾಕತ್ತೇನಿ. ನಿನಗ ಸ್ತೋತ್ರ. ಈ ಬಾಗಲಾ ಹಾಕ್ಕೊಂಡು ಹೋದವರು ದಾರ್ಯಾಗ ಅದಾರ. ಅವರನ್ನ ಸುಖವಾಗಿ ಮನಿಗೆ ಮುಟ್ಟಸು."

ಬಿನ್ನಹದ ಹೊತ್ತಿಗೆ ನಾನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದೆ. ತಮ್ಮ ಬಾಗಿಲಲ್ಲಿ ನಿಂತಿದ್ದ ಶೋಭನಾ ಚೇಚಿಯನ್ನೂ ಕೇಳಿದೆ. ಮಗಳು ಎಂಟು ತಿಂಗಳ ಬಸುರಿ, ಅವಳಿಗಾಗಿ ಎಂದರು. ಎಲ್ಲರ ಬಿನ್ನಹ ಮುಗಿದ ಮೇಲೆಯೇ ಚಹಾ ಕೊಟ್ಟೆ.

ಏಳಕ್ಕೆ ಚಾಪೆ ಸುತ್ತುತ್ತಿದ್ದಾಗ ಮನೆಯವರು ಬಂದರು. ಅಕ್ಕಾರು ಬೀಗ ತೆಗೆಯುತ್ತ, "ಎಷ್ಟು ಜನ ಬಂದಿದ್ರು?" ಎಂದರು.

"ಆರು ಮಂದಿ. ಚೇಚಿ ಸೇರಿ ಏಳು. ನಿಮಗ ಡಬ್ಬ್ಯಾಗ ಗಿರಮಿಟ್ ಐತ್ರಿ."

ಅಣ್ಣಾರು ತಿಂದರು. ಅಕ್ಕಾರು ಮುಟ್ಟಲಿಲ್ಲ. ಕೆಲಸ ಬಿಡು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಚಾಪೆಗಳನ್ನು ನನ್ನ ಮಂಚದ ಪಕ್ಕ ನಿಲ್ಲಿಸಿದೆ. ಹೋಗು ಎಂದರೆ ಅವನ್ನೂ ಹೊತ್ತುಕೊಂಡೇ ಹೋಗುವುದು.

ಸೆಪ್ಟೆಂಬರಿನ ಕೂಟ ವಿಜಯಾ ಆಂಟಿಯ ಮನೆಯಲ್ಲಿ. ಬಿನ್ನಹಗಳು ನಡೆಯುತ್ತಿದ್ದಾಗ ಅಕ್ಕಾರು ನನ್ನ ಕಡೆ ತಿರುಗಿದರು. "ಸಲೋಮಿ, ಆಂಟಿಗೆ ಮಂಡಿನೋವು. ಹೋಗಿ ಟೀಗೆ ಇಡು."

"ಇಡ್ತೀನ್ರಿ ಅಕ್ಕಾರ. ಮದಲ ನಂದೊಂದು ಬಿನ್ನಹ ಐತಿ."

ಅಕ್ಕಾರು ಕಿಶೋರ್ ಸರ್ ಮುಖ ನೋಡಿದರು. ಅವರು ಕಣ್ಣು ಮುಚ್ಚಿಯೇ ಕೂತಿದ್ದರು. "ಹೇಳಮ್ಮ," ಎಂದರು.

"ಮುಂದಿನ ಆಗಸ್ಟೂ ನಂದರೀ," ಎಂದೆ. "ಆ ದಿನ ಬಾಗಲಾ ತಗದಿರಲಿ ಅಂತ ಎಲ್ಲಾರೂ ಪ್ರಾರ್ಥನಾ ಮಾಡ್ರಿ."

"ಆಮೆನ್," ಎಂದರು ವಿಜಯಾ ಆಂಟಿ, ಎಲ್ಲರಿಗಿಂತ ಮೊದಲು. ನಾನು ಪ್ರಾರ್ಥನೆ ಮುಗಿಯುವವರೆಗೂ ಕೂತಿದ್ದು, ಆಮೇಲೆ ಚಹಾಕ್ಕೆ ಎದ್ದೆ.