ಕೃಪಾಳ ಮೊದಲ ಮೇಜು

ಕಡಲಾಚೆಯ ದೇಶದ, ಕೊಲ್ಲಿ ದಡದ ಅಕರೋವಾಕ್ಕೆ ಬಂದವರೆಲ್ಲ ಮೊದಲು ಊರು ಸುತ್ತುತ್ತಾರೆ. ಬೀದಿಗಳಿಗೆ ಇನ್ನೂ ಫ್ರೆಂಚ್ ಹೆಸರು, ಅಂಗಡಿಗಳ ಮೇಲೆ ಫ್ರೆಂಚ್ ಬಾವುಟ, ಮರದ ಪುಟ್ಟ ಮನೆಗಳ ಮುಂದೆ ಗುಲಾಬಿ. ಫೋಟೋ ತೆಗೆದು ಸಾಕಾದ ಮೇಲೆ ಗುಡ್ಡ ಹತ್ತಿ ಫಿಯೋನಾಳ ದ್ರಾಕ್ಷಿತೋಟಕ್ಕೆ ವೈನ್ ರುಚಿ ನೋಡಲು ಬರುತ್ತಾರೆ. ಅವರು ಕುಡಿದಿಟ್ಟ ಗಾಜಿನ ಲೋಟಗಳನ್ನು ಒಳಗೆ ನಿಂತು ತೊಳೆಯುವವಳು ಕೃಪಾ.

ಇಲ್ಲಿಯ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಅಕ್ಕನ ಜೊತೆ ಇರಲು ಕನ್ನಡನಾಡಿನಿಂದ ಬಂದವಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು, ಮಾತು ಕಡಿಮೆ. ಆದರೆ ಬಾಗಿಲ ಸಂದಿಯಿಂದ ಅವಳು ನೋಡದ್ದಿಲ್ಲ. ಫಿಯೋನಾ ಯಾವಾಗ ಸುಮ್ಮನಾಗುತ್ತಾಳೆ, ಯಾವ ಮಾತಿಗೆ ಜನ ನಗುತ್ತಾರೆ, ಯಾರು ಬಾಟಲಿ ಕೊಳ್ಳುತ್ತಾರೆ, ಯಾರು ಬರೀ ಸಮುದ್ರ ನೋಡಿ ಎದ್ದು ಹೋಗುತ್ತಾರೆ ಎಲ್ಲ ಗೊತ್ತಿತ್ತು. ಮುಂದೆ ನಿಂತು ಬಡಿಸುವ ಕೆಲಸ ತನಗೆ ಕೊಡಿ ಎಂದು ಒಂದು ದಿನ ಕೇಳಿಯೇಬಿಟ್ಟಳು. ಶನಿವಾರ ಒಂದು ಮೇಜನ್ನು ನೀನೊಬ್ಬಳೇ ನೋಡಿಕೋ, ಆಮೇಲೆ ಹೇಳುತ್ತೇನೆ ಎಂದಳು ಫಿಯೋನಾ.

ವಾರವಿಡೀ ಹಣ್ಣಿಗೆ ಹಕ್ಕಿ ಬಾಯಿ ಹಾಕದಂತೆ ಬಳ್ಳಿಗಳಿಗೆ ಹೊದಿಸಿದ ಬಲೆ ಸರಿಮಾಡುತ್ತಾ ಕೃಪಾ ಇಂಗ್ಲಿಷ್ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಳು. ಶನಿವಾರ ಟ್ರೇ ಹಿಡಿದು ಹೊರಗೆ ಬಂದರೆ, ಅವಳ ಮೇಜಿನಲ್ಲಿ ಕೂತಿದ್ದ ಹಿರಿಯ ಹೆಂಗಸು ಮಗನ ತೋಳು ತಿವಿಯುತ್ತಿದ್ದರು. “ರಾಘು, ಈ ಹುಡುಗಿ ನಮ್ ಕಡೆಯವಳ ಥರ ಕಾಣ್ತಾಳಲ್ಲೋ. ಕೇಳ್ಲಾ?”

“ಅಮ್ಮ, ಸುಮ್ನಿರು. ಇಲ್ಲೆಲ್ಲ ಹಂಗೆ ಕೇಳಬಾರ್ದು.”

ಕನ್ನಡ ಕಿವಿಗೆ ಬಿದ್ದದ್ದೇ ಕೃಪಾಳ ಹೆಜ್ಜೆ ನಿಧಾನವಾಯಿತು. ಬೇರೆಯವರಾದರೆ ವೈನ್ ಕುಡಿದು ಹೋಗುತ್ತಾರೆ. ನಮ್ಮವರು ಯಾವ ಊರು ಎಂದು ಶುರುಮಾಡಿ, ಯಾರ ಮಗಳು ಎಂದು ತಿಳಿದುಕೊಂಡು, ಏನು ಓದಿದ್ದೀಯ ಎನ್ನುವಲ್ಲಿಗೇ ಬಂದು ನಿಲ್ಲುತ್ತಾರೆ. ಅವಳು ಕನ್ನಡ ಬಾರದವಳಂತೆ ನಗು ತಂದುಕೊಂಡು ಇಂಗ್ಲಿಷ್ ಒಪ್ಪಿಸತೊಡಗಿದಳು. ಅವರವರ ಮಾತಿನಿಂದಲೇ ಎಲ್ಲ ತಿಳಿಯಿತು. ರಾಘವ್ ಇದೇ ದೇಶದ ಡನೀಡಿನ್‌ನಲ್ಲಿ ಡಾಕ್ಟರ್. ಅಪ್ಪ ರಾಮಮೂರ್ತಿ, ಅಮ್ಮ ಜಯಮ್ಮ, ಮೈಸೂರಿನಿಂದ ಮಗನನ್ನು ನೋಡಲು ಬಂದವರು. ಜಯಮ್ಮ ವೈನ್ ಮುಟ್ಟಲಿಲ್ಲ. ದ್ರಾಕ್ಷಿರಸವನ್ನು ಲೋಟಕ್ಕೆ ತುಟಿ ತಾಗದಂತೆ ಎತ್ತಿ ಗಂಟಲಿಗೆ ಸುರಿದುಕೊಂಡರು. ರಾಮಮೂರ್ತಿ ಬ್ರೆಡ್ಡು, ಚೀಸು, ಎಣ್ಣೆಯಲ್ಲಿ ನೆನೆದ ಆಲಿವ್ ಎಲ್ಲ ಮುಗಿಸಿ, ಜಿಡ್ಡಿನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಅತ್ತಿತ್ತ ನೋಡಿದರು.

ಮೇಜಿನ ನಡುವೆ ಒಂದು ಹೊಳೆಯುವ ಪಾತ್ರೆಯಿತ್ತು, ಪಕ್ಕದಲ್ಲೇ ನೀರಿನ ಜಗ್ಗು. ಅವರಿಗೆ ಬೇರೇನೂ ಯೋಚನೆ ಬರಲಿಲ್ಲ. ಜಗ್ಗು ಎತ್ತಿ ಪಾತ್ರೆಯೊಳಗೆ ಕೈ ತೊಳೆದರು. ಆಮೇಲೆ ಊಟವಾದ ಮೇಲೆ ಮನೆಯಲ್ಲಿ ಮಾಡುವಂತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಗಳಗಳ ಮುಕ್ಕಳಿಸಿ, ಅದರೊಳಗೇ ಉಗಿದರು.

ಪಕ್ಕದ ಮೇಜಿನವರು ತಿರುಗಿ ನೋಡಿದರು. ರಾಘವನ ಮುಖ ಕೆಂಪಾಯಿತು. “ಅಪ್ಪ, ಮಾನ ಕಳೀತೀರಲ್ಲ” ಎಂದು ಹಲ್ಲು ಕಚ್ಚಿ ಹೇಳಿದ. ಬಾಯಿ ಒರೆಸಿಕೊಳ್ಳುತ್ತಿದ್ದ ರಾಮಮೂರ್ತಿಯವರ ಕೈ ಅಲ್ಲೇ ನಿಂತಿತು. ಅವರು ಚಿಕ್ಕವರಾಗಿ ಕುಗ್ಗಿದ್ದು ಕೃಪಾಳ ಕಣ್ಣಿಗೆ ಬಿತ್ತು. ಆ ಕುಗ್ಗುವಿಕೆ ಅವಳಿಗೆ ಹೊಸದಲ್ಲ.

“ಅದನ್ನ ಇಟ್ಟಿರೋದೇ ಉಗಿಯೋಕೆ ಅಂಕಲ್” ಎಂದಳು, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲಿ. “ವೈನನ್ನ ಬಾಯಲ್ಲಿ ಹಾಗೇ ಮುಕ್ಕಳಿಸಿ, ರುಚಿ ನೋಡಿ, ಉಗೀತಾರೆ. ನೀವು ನೀರಲ್ಲಿ ಮಾಡಿದ್ರಿ, ಅಷ್ಟೇ.”

ಮೂವರೂ ಅವಳನ್ನೇ ನೋಡಿದರು.

“ನಾ ಹೇಳ್ಲಿಲ್ವಾ?” ಎಂದರು ಜಯಮ್ಮ ಮಗನಿಗೆ.

ಕೃಪಾ ಬೇರೆ ಪಾತ್ರೆ ತಂದಳು. ಒಂದು ಗುಟುಕು ವೈನ್ ತೆಗೆದುಕೊಂಡು, ಕೆನ್ನೆಯೊಳಗೆ ಹೊರಳಾಡಿಸಿ ಉಗಿದು ತೋರಿಸಿದಳು. ರಾಮಮೂರ್ತಿ ಅವಳಿಗಿಂತ ಚೆನ್ನಾಗಿ ಮಾಡಿದರು. ಪಕ್ಕದ ಮೇಜಿನ ಅಜ್ಜ ಅವರತ್ತ ಲೋಟ ಎತ್ತಿದ. ಜಯಮ್ಮ ಇದನ್ನೆಲ್ಲ ನೋಡಿ, “ನುಂಗದಿದ್ರೆ ಕುಡಿದ ಹಾಗಲ್ಲ ಅಲ್ವೇನಮ್ಮ?” ಎಂದರು.

“ನಾನೂ ಇದುವರೆಗೆ ನುಂಗಿಲ್ಲ ಆಂಟಿ.”

ಅವರೂ ಒಂದು ಗುಟುಕು ಸುರಿದುಕೊಂಡು, ಮುಖ ಕಿವಿಚಿ, ಉಗಿದು, ಇದಕ್ಕೆ ಫ್ರಾನ್ಸಿನವರು ಅಷ್ಟು ದೂರದಿಂದ ಬಂದರೇ ಎಂದು ಕೇಳಿದರು.

ಆ ಕಥೆಯನ್ನೂ ಕೃಪಾ ಬಾಯಿಪಾಠ ಮಾಡಿದ್ದಳು. ಈಗ ಆ ಬಾಯಿಪಾಠ ಬೇಕಾಗಲಿಲ್ಲ, ತನ್ನದೇ ಮಾತಿನಲ್ಲಿ ಹೇಳಿದಳು. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳು ತಲೆತಲಾಂತರದಿಂದ ಬಾಳಿದ್ದ ಈ ಕೊಲ್ಲಿಗೆ, ನೆಲ ತಮ್ಮದಾಗುತ್ತದೆಂದು ನಂಬಿ ಫ್ರೆಂಚರು ಹಡಗು ಹತ್ತಿದ್ದು. ಬಂದಿಳಿಯುವಷ್ಟರಲ್ಲಿ ಇಂಗ್ಲಿಷರ ಬಾವುಟ ಹಾರುತ್ತಿದ್ದದ್ದು. ಬಂದದ್ದಾಯಿತು ಎಂದು ಇಲ್ಲೇ ಉಳಿದು ಬಳ್ಳಿ ನೆಟ್ಟದ್ದು. ಒಂದಿಷ್ಟು ಕನ್ನಡದಲ್ಲಿ ಹೇಳುತ್ತಾ, ಪಕ್ಕದ ಮೇಜಿನವರೂ ಕುರ್ಚಿ ತಿರುಗಿಸಿದ್ದು ಕಂಡು ಅದನ್ನೇ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳುತ್ತಾ, ಮುಗಿಸಿದಳು.

ಹೊರಡುವಾಗ ಜಯಮ್ಮ ಕೇಳಿಯೇಬಿಟ್ಟರು. “ಇಷ್ಟೆಲ್ಲ ತಿಳ್ಕೊಂಡಿದೀಯಲ್ಲ, ಏನು ಓದಿದೀಯಮ್ಮ?”

“ಒಂಬತ್ತನೇ ಕ್ಲಾಸು ಆಂಟಿ. ಅದೂ ಪೂರ್ತಿ ಅಲ್ಲ.”

“ಹೌದಾ” ಎಂದು ಜಯಮ್ಮ ಚೀಲದಿಂದ ಚಕ್ಕುಲಿಯ ಪೊಟ್ಟಣ ತೆಗೆದು ಅವಳ ಕೈಗಿಟ್ಟರು. ಬಿಲ್ಲು ಕೊಡಲು ಹೋಗಿದ್ದ ರಾಘವ್ ಎರಡು ಬಾಟಲಿ ಹಿಡಿದು ಬಂದ. ಅಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡೇ ಇಳಿದು ಹೋದ.

ಫಿಯೋನಾ ಮೂಲೆಯಿಂದ ಎಲ್ಲ ನೋಡುತ್ತಿದ್ದಳು. ಅರ್ಧ ಮಾತು ತನಗೆ ತಿಳಿಯಲಿಲ್ಲ, ಆದರೆ ಪಕ್ಕದ ಮೇಜಿನವರನ್ನು ಕರೆದರೂ ಅವರು ತನ್ನತ್ತ ತಿರುಗಲಿಲ್ಲ ಎಂದಳು. “ಕಿಟಕಿ ಪಕ್ಕದ ಮೇಜೂ ನಿಂದೇ. ಲೋಟ ತೊಳೆಯೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ.”

ಕೃಪಾ ರಾಮಮೂರ್ತಿ ಕೈ ತೊಳೆದ ಪಾತ್ರೆಯನ್ನು ತಾನೇ ಉಜ್ಜಿ ತೊಳೆದು, ಕಿಟಕಿ ಪಕ್ಕದ ಮೇಜಿಗೆ ಒಯ್ದು ನಡುವೆ ಇಟ್ಟಳು. ಅಲ್ಲಿ ಆಗಷ್ಟೇ ಬಂದು ಕೂತವರನ್ನು ಇದು ಯಾತಕ್ಕೆ ಗೊತ್ತೇ ಎಂದು ಕೇಳುತ್ತಲೇ ಮಾತು ಶುರುಮಾಡಿದಳು.