ರೈಲು ಹತ್ತಿದ ಕಾಶಿಯಾತ್ರೆ

ತನ್ಮಯ್ ಇಂಗ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ನಿಂತು ಕಣ್ಣೀರು ಹಾಕಿದ್ದನಂತೆ. ಹೆಣ್ಣು ಕೇಳಲು ಬಂದ ದಿನ ಅದನ್ನು ಅವನೇ ಹೇಳಿಕೊಂಡ, ಅದೂ ಹೆಮ್ಮೆಯಿಂದ. ಅರವತ್ತೆಪ್ಪತ್ತು ವರ್ಷದ ಹಿಂದೆ ಅಲ್ಲೊಂದು ಪುಟ್ಟ ರೈಲ್ವೆ ಸ್ಟೇಷನ್ ಇತ್ತು, ಅಲ್ಲಿ ಕಪ್ಪು ಬಿಳುಪಿನ ಕಾಮಿಡಿ ಸಿನಿಮಾವೊಂದರ ಶೂಟಿಂಗ್ ಆಗಿತ್ತು, ಈಗ ಸ್ಟೇಷನ್ನೂ ಇಲ್ಲ, ಹಳಿಯೂ ಇಲ್ಲ, ನಾಲ್ಕು ಹಸು ಮೇಯುತ್ತಿವೆ. ಆ ಹಸುಗಳ ಫೋಟೋವನ್ನು ಜಾನ್ಸನ್‌ವಿಲ್‌ನ ಹೆಣ್ಣಿನ ಮನೆಯ ಟಿವಿಗೆ ಹಾಕಿ, "ಅಂಕಲ್, ಪೋರ್ಟರ್ ಬೀಳೋ ಸೀನ್ ತೆಗೆದಿದ್ದು ಇದೇ ಜಾಗದಲ್ಲಿ," ಎಂದು ಹಸುವೊಂದರ ಹಿಂಭಾಗಕ್ಕೆ ಬೆರಳಿಟ್ಟು ತೋರಿಸಿದ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಕಾತ್ಯಾಯಿನಿ ಗಂಡನ ಮುಖ ನೋಡಿದಳು. ಚಿದಾನಂದ "ಓಹೋ, ಹೌದಾ!" ಎಂದು ಭಕ್ತಿಯಿಂದ ಕೇಳುತ್ತಿದ್ದರು. ಎದುರಿಗೆ ಕೂತವರಿಗೆ ಬೇಸರವಾಗಬಾರದು ಎನ್ನುವುದು ಆ ಮನುಷ್ಯನ ಹುಟ್ಟುಗುಣ.

ಮೈಸೂರಿನಿಂದ ಈ ಪರದೇಶಕ್ಕೆ ಓದಲು ಬಂದು ಇಲ್ಲೇ ಉಳಿದ ಹುಡುಗ. ವಾರಕ್ಕೈದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಈ ಹುಚ್ಚು. ಹಳೆಯ ಬ್ರಿಟಿಷ್ ಕಾಮಿಡಿಗಳಲ್ಲಿ ಯಾವ ಸ್ಟೇಷನ್ ಎಲ್ಲಿಯದು, ಯಾವ ಬೆಂಚು ಯಾವ ಕಂಬದ ಪಕ್ಕ ಇತ್ತು ಎಂದು ಪತ್ತೆ ಹಚ್ಚಿ ಯೂಟ್ಯೂಬಿಗೆ ಹಾಕುವುದು. ಅದನ್ನು ನೋಡಲೂ ಜನರಿದ್ದರು. ಭೂಮಿಯ ಮೇಲೆ ಇಷ್ಟೊಂದು ಜನ ಕೆಲಸವಿಲ್ಲದೆ ಕೂತಿದ್ದಾರೆಂದು ಕಾತ್ಯಾಯಿನಿಗೆ ಗೊತ್ತೇ ಇರಲಿಲ್ಲ. ಅಳಿಯನಾಗುವವನ ಮನಸ್ಸು ನೋಯದಿರಲಿ ಎಂದು ಅವಳೂ ಅಂಥ ನಾಲ್ಕು ಸಿನಿಮಾ ನೋಡಿದಳು. ನಾಲ್ಕರಲ್ಲೂ ಒಬ್ಬ ಡುಮ್ಮ ಸ್ಟೇಷನ್ ಮಾಸ್ಟರ್, ಒಬ್ಬ ಕಿವುಡ ಪೋರ್ಟರ್, ಹೊರಡಲೊಲ್ಲದ ಒಂದು ರೈಲು. ಕೊನೆಗೆ ಯಾರಾದರೂ ಒಬ್ಬರು ಪ್ಲಾಟ್‌ಫಾರಂ ಮೇಲೆ ದಬಕ್ಕನೆ ಬೀಳಲೇಬೇಕು. ಬಿದ್ದವನನ್ನು ಯಾರೂ ಎತ್ತುವುದಿಲ್ಲ, ಅದೇ ನಗು. ಪಕ್ಕದಲ್ಲಿ ಕೂತು ನೋಡುತ್ತಿದ್ದ ತನ್ಮಯ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಆದರೂ ಕಾತ್ಯಾಯಿನಿ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ಕಾರಣವಿತ್ತು. ಹಿಂದೆ ಒಂದು ನಿಶ್ಚಿತಾರ್ಥ ಮುರಿದುಬಿದ್ದ ಮೇಲೆ ಮಗಳು ಕೃತಿ ಎರಡು ವರ್ಷ ಕೋಣೆಯ ಪರದೆಯನ್ನೇ ಸರಿಸಿರಲಿಲ್ಲ. ಆಸ್ಪತ್ರೆಗೆ ಹೋಗಿ ಊರವರ ಮಂಡಿ, ಬೆನ್ನು ಸರಿಮಾಡಿ ಬರುವಳು, ಮನೆಗೆ ಬಂದು ಗೋಡೆ ನೋಡುತ್ತ ಮಲಗುವಳು. ಅಂಥವಳು ಒಂದು ದಿನ, "ಅಮ್ಮ, ಹೀ ಮೇಕ್ಸ್ ಮಿ ಲಾಫ್," ಎಂದಳು. ಆ ಮಾತಿನ ಮುಂದೆ ಕಾತ್ಯಾಯಿನಿಯ ಅಸಮಾಧಾನವೆಲ್ಲ ಮೂಲೆಗೆ ಹೋಯಿತು. ಈ ಮದುವೆಯೂ ನಿಂತರೆ ಮಗಳು ಮತ್ತೆ ಆ ಕೋಣೆ ಸೇರುತ್ತಾಳೆ ಎನ್ನುವ ಹೆದರಿಕೆ ಹಗಲಿರುಳೂ ಅವಳಿಗಿತ್ತು.

ಆದ್ದರಿಂದಲೇ ಮದುವೆ ಛತ್ರದಲ್ಲೂ ಅಲ್ಲದೆ, ಬಾಡಿಗೆ ಹಾಲ್‌ನಲ್ಲೂ ಅಲ್ಲದೆ, ಗುಡ್ಡಗಳಾಚೆಯ ಒಂದು ಹಳೇ ರೈಲ್ವೆ ಸ್ಟೇಷನ್ನಿನಲ್ಲಿ ಎಂದಾಗಲೂ ಅವಳು ಸುಮ್ಮನಿದ್ದಳು. ನಿವೃತ್ತರಾದ ಕೆಲವು ಮುದುಕರು ಸೇರಿ, ಉಗಿ ಎಂಜಿನ್ ಇಟ್ಟುಕೊಂಡು, ಶನಿವಾರ ಭಾನುವಾರ ಪ್ರವಾಸಿಗರನ್ನು ಮುಂದಿನ ಊರಿನವರೆಗೆ ಓಡಾಡಿಸುವ ಜಾಗ ಅದು. ಆ ತಗಡಿನ ಮಾಡಿನ ಸ್ಟೇಷನ್ನು ಆ ಹುಲ್ಲುಗಾವಲಿನ ಸ್ಟೇಷನ್ನಿನ ಪಡಿಯಚ್ಚು ಎಂದು ತನ್ಮಯ್ ಸಾಧಿಸಿದ. ಕಾತ್ಯಾಯಿನಿಗೆ ಅದು ಕುರಿ ಉಣ್ಣೆಯ ಗೋದಾಮಿನ ಹಾಗೆ ಕಂಡಿತು.

"ನಮ್ಮ ಕಾಶಿಯಾತ್ರೆನ ಅಲ್ಲಿ ಶೂಟ್ ಮಾಡೋದು ಆಂಟಿ. ನಾನು ಕೊಡೆ ಹಿಡ್ಕೊಂಡು ನಿಜವಾದ ರೈಲು ಹತ್ತೀನಿ. ಅಂಕಲ್ ಬಂದು ತಡೀತಾರೆ. ಹಳೇ ಕಾಮಿಡಿ ಸ್ಟೈಲಲ್ಲಿ. ನನ್ನ ಫ್ರೆಂಡ್ ವಿಶ್ವಾಸ್ ಕ್ಯಾಮೆರಾ ಮಾಡ್ತಾನೆ," ಎಂದಿದ್ದ ತನ್ಮಯ್.

ಮದುವೆಯ ಬೆಳಿಗ್ಗೆ ಗಾಳಿ ಚಪ್ಪರವನ್ನು ಕಿತ್ತೊಯ್ಯುವ ಹಾಗೆ ಬೀಸುತ್ತಿತ್ತು. ತನ್ಮಯ್ ಪಂಚೆ, ಪೇಟ, ಕೈಯಲ್ಲಿ ಕೊಡೆ, ಬೀಸಣಿಗೆ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಕಡೆಯ ಬೋಗಿಯ ಹಿಂದಿನ ಜಗಲಿಯಂಥ ಜಾಗದಲ್ಲಿ ನಿಂತ. ಪ್ಲಾಟ್‌ಫಾರಮ್ಮಿನಲ್ಲಿ ಪುರೋಹಿತ ವೆಂಕಟರಮಣ ಹೇಳಿಕೊಟ್ಟಂತೆ ಚಿದಾನಂದ ಮುಂದೆ ಬಂದರು, ಕೈ ಮುಗಿದರು. "ಕಾಶಿಗೆ ಹೋಗಬೇಡಿ. ನನ್ನ ಮಗಳನ್ನ ಧಾರೆ ಎರೆದು ಕೊಡ್ತೀನಿ. ಅವಳ ಜೊತೆ ಬಾಳಿ," ಎಂದರು. ಹೇಳುತ್ತ ಹೇಳುತ್ತ ಮಗಳು ನಿಂತಿದ್ದ ಕಡೆ ತಿರುಗಿದರು. ಆ ಎರಡು ವರ್ಷ ಮಗಳ ಕೋಣೆಯ ಬಾಗಿಲ ಹೊರಗೆ ಕಾಫಿ ಲೋಟ ಇಟ್ಟು ಬರುತ್ತಿದ್ದವರು ಅವರು. ಕಾತ್ಯಾಯಿನಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಕಟ್!" ಎಂದ ತನ್ಮಯ್. "ಅಂಕಲ್, ತುಂಬ ಸೀರಿಯಸ್ ಆಗೋಯ್ತು. ಹೊಗೆಲಿ ನಿಮ್ಮ ಮುಖಾನೂ ಕಾಣ್ಲಿಲ್ಲ. ಇನ್ನೊಂದು ಟೇಕ್."

"ಒಂದ್ಸಲ ಹೇಳಿದ್ರೆ ಆಯ್ತಪ್ಪ. ಇದು ಶಾಸ್ತ್ರ," ಎಂದರು ವೆಂಕಟರಮಣ.

"ಶಾಸ್ತ್ರ ಆಯ್ತು ಅಂಕಲ್, ಈಗ ಸಿನಿಮಾ," ಎಂದು ಅವನು ನಕ್ಕ. ಅವನ ಜೊತೆ ಬಂದವರೂ ನಕ್ಕರು.

ಎರಡನೆಯ ಸಲ ಚಿದಾನಂದರ ಪೇಟ ತೆಗೆದು ಸ್ಟೇಷನ್ ಮಾಸ್ಟರನ ಟೋಪಿ ಇಟ್ಟರು. ಸಿಟಿ ಕೌನ್ಸಿಲ್ಲಿನಲ್ಲಿ ಎಂಜಿನಿಯರಾಗಿ ಊರಿನ ಅರ್ಧ ಸೇತುವೆಗಳಿಗೆ ರುಜು ಹಾಕಿದ ಮನುಷ್ಯ, ಜರಿ ಪಂಚೆ ಉಟ್ಟು, ಕಿವಿಯವರೆಗೆ ಇಳಿದ ಟೋಪಿ ಹಾಕಿಕೊಂಡು, ಶಿಳ್ಳೆ ಊದುತ್ತ ರೈಲಿನ ಪಕ್ಕ ಓಡಿದರು. ರೈಲು ನಾಲ್ಕು ಮಾರು ಹೋಗಿ ನಿಂತಿತು, ಹಿಂದಕ್ಕೆ ಬಂತು. ತನ್ಮಯ್ ಫೋನಿನಲ್ಲಿ ಶಾಟ್ ನೋಡಿ ಮೂಗು ಮುರಿದ. ಏನೋ ಸಾಲದು ಎಂದ. ಏನೆಂದು ಕಾತ್ಯಾಯಿನಿಗೆ ಆಗಲೇ ಹೊಳೆಯಿತು.

"ಅಂಕಲ್, ಈ ಸಲ ಓಡ್ತಾ ಬಂದು ಆ ಲಗೇಜ್ ಟ್ರಾಲಿ ಎಡವಿ ಬೀಳಿ. ಮೆತ್ತಗೆ. ಕೈ ಮುಗಿದುಕೊಂಡೇ ಬೀಳ್ಬೇಕು, ಅದೇ ಪಂಚ್."

ಚಿದಾನಂದ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ನಂಗೆ ಮಂಡಿ ನೋವು ಕಣೇ," ಎಂದರು.

ಆಗ ಅವಳು ಬೇಡ ಎನ್ನಬೇಕಿತ್ತು. ಕೋಡಂಗಿ ಕುಣಿತಕ್ಕೆ ನನ್ನ ಗಂಡ ಸಿಗುವುದಿಲ್ಲ ಎಂದು ಅವನ ಮುಖಕ್ಕೆ ಮಂಗಳಾರತಿ ಎತ್ತಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು ಕೂಡ. ಆದರೆ ಸ್ಟೇಷನ್ನಿನ ಬಾಗಿಲ ಬಳಿ ಮದುವಣಗಿತ್ತಿಯಾಗಿ ನಿಂತಿದ್ದ ಕೃತಿಯ ಬಿಳಿಚಿದ ಮುಖ ಕಂಡಿತು. "ಇನ್ನೊಂದ್ಸಲ ಮಾಡ್ಬಿಡ್ರಿ, ಮುಗಿದುಹೋಗ್ಲಿ. ಮುಹೂರ್ತದ ಹೊತ್ತಲ್ಲಿ ರಗಳೆ ಬೇಡ," ಎಂದುಬಿಟ್ಟಳು.

ಚಿದಾನಂದ ಬಿದ್ದರು. ಮೆತ್ತಗೆ ಬೀಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಟ್ರಾಲಿ ಉರುಳಿತು, ಟೋಪಿ ಹಳಿಯ ಮೇಲೆ ಹೋಯಿತು, ಅಂಗೈ ಕಾಂಕ್ರೀಟಿಗೆ ಉಜ್ಜಿ ಚರ್ಮ ಸುಲಿಯಿತು. ಜನ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ತನ್ಮಯ್. ಬೋಗಿಯ ಮೇಲೆ ನಿಂತೇ ಚಪ್ಪಾಳೆ ತಟ್ಟಿ, "ಪರ್ಫೆಕ್ಟ್! ಇದನ್ನೇ ಮುಂದಿನಿಂದ ಇನ್ನೊಂದ್ಸಲ! ಲಾಸ್ಟ್!" ಎಂದು ಕೂಗಿದ. ಕೆಳಗಿಳಿದು ಎತ್ತಲು ಬರಲಿಲ್ಲ. ಸಿನಿಮಾದಲ್ಲಿ ಎತ್ತುವುದಿಲ್ಲವಲ್ಲ.

ಬಿಳಿ ಗಡ್ಡದ ಗಾರ್ಡ್ ಗಡಿಯಾರ ನೋಡಿ, ಇನ್ನು ಹಿಂದೆ ಮುಂದೆ ಆಡಲಾಗದು, ಟಿಕೆಟ್ ತೆಗೆದ ಪ್ರವಾಸಿಗರು ಹತ್ತಿದ್ದಾರೆ, ಈ ಸಲ ಹೊರಟರೆ ಹೊರಟಂತೆ, ಮದುಮಗ ಇಳಿಯುವುದಿದ್ದರೆ ಪ್ಲಾಟ್‌ಫಾರಂ ಮುಗಿಯುವುದರೊಳಗೆ ಇಳಿಯಲಿ ಎಂದು ಎಚ್ಚರಿಸಿದ. ತನ್ಮಯ್ ಹೆಬ್ಬೆರಳು ಎತ್ತಿದ. ಎಂಜಿನ್ ಕೂಗಿತು. ಚಿದಾನಂದ ಸುಲಿದ ಕೈಗಳನ್ನು ಮತ್ತೆ ಮುಗಿದು ಹೆಜ್ಜೆ ಕಿತ್ತರು.

ಕಾತ್ಯಾಯಿನಿ ಹಿಂದಿನಿಂದ ಅವರ ಶಲ್ಯದ ತುದಿ ಹಿಡಿದಳು. "ಸಾಕು. ನಿಂತ್ಕೊಳ್ರಿ," ಎಂದಳು.

ಅವರು ನಿಂತರು. ನಿಲ್ಲಲು ಯಾರಾದರೂ ಹೇಳಲಿ ಎಂದು ಕಾದವರ ಹಾಗೆ ನಿಂತರು. ಅದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ರೈಲು ನಡೆದುಹೋಗುವ ಮನುಷ್ಯನಷ್ಟು ನಿಧಾನವಾಗಿ ಸರಿಯುತ್ತಿತ್ತು. ಯಾವ ಮಗುವಾದರೂ ಇಳಿಯಬಹುದಿತ್ತು. ಕೃತಿ ಮುಂದೆ ಬಂದು ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ನಿಂತಳು, ಅವನ ಮುಖವನ್ನೇ ನೋಡುತ್ತ. ಅವನ ಬೋಗಿ ಅವಳ ಎದುರಿನಿಂದಲೇ ಹಾದುಹೋಯಿತು. ತಡೆಯಲು ಯಾರೂ ಓಡಿಬರದ್ದನ್ನು ಕಂಡು ತನ್ಮಯ್ ಒಂದು ಗಳಿಗೆ ಗಲಿಬಿಲಿಗೊಂಡ. ಆಮೇಲೆ ಅವಳ ತಲೆಯ ಮೇಲಿಂದ ಕತ್ತು ಚಾಚಿ, "ವಿಶ್ವಾಸ್, ರೋಲಿಂಗಾ?" ಎಂದು ಕೇಳಿದ. ವಿಶ್ವಾಸ್ ತಲೆಯಾಡಿಸಿದ. ಅಷ್ಟು ಸಾಕಾಯಿತು. ಕೊಡೆ ಬಿಚ್ಚಿ, ಬೀಸಣಿಗೆ ಬೀಸುತ್ತ, ಕಣ್ಣು ಹೊರಳಿಸುತ್ತ ಕ್ಯಾಮೆರಾಕ್ಕೆ ಮಂಗನಾಟ ಆಡಿಕೊಂಡೇ ಹೊರಟುಹೋದ. ರೈಲು ತಿರುವಿನಲ್ಲಿ ಮರೆಯಾಯಿತು.

ಹೋಗಿ ಬರಲು ಒಂದು ಗಂಟೆ. ಮುಹೂರ್ತ ಮೀರುವುದಿಲ್ಲ, ಚಿಂತೆ ಬೇಡ ಎಂದು ವೆಂಕಟರಮಣ ಬೆರಳು ಮಡಚಿ ಎಣಿಸಿದರು. ತನ್ಮಯ್‌ನ ತಾಯಿ ಪ್ರಭಾ, "ಅವ್ನು ಚಿಕ್ಕೋನಿದ್ದಾಗ್ಲಿಂದ ಹಂಗೇ, ಎಲ್ಲಾರನ್ನೂ ನಗಿಸ್ತಾನೆ," ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ಓಡಾಡಿದಳು. ಕೃತಿ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿದಳು. ಅಳಿಯನ ಕಾಲು ತೊಳೆಯಲೆಂದು ಬೆಳ್ಳಿ ಚೊಂಬಿನಲ್ಲಿ ನೀರು ತುಂಬಿ ಇಟ್ಟಿದ್ದರು. ಅದನ್ನು ತಂದು ಅಪ್ಪನ ಅಂಗೈಯಿಂದ ಮರಳು, ಕಲ್ಲುಚೂರು ತೊಳೆದಳು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, ಮೂಳೆಗೆ ಏನೂ ಆಗಿಲ್ಲವೆಂದು ನೋಡಿದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಾಡುವ ಹಾಗೆಯೇ, ಅವಸರವಿಲ್ಲದೆ.

"ಸಾರಿ ಕಣಮ್ಮ, ನಿಂತುಬಿಟ್ಟೆ," ಎಂದರು ಚಿದಾನಂದ.

"ಶ್, ಅಪ್ಪ," ಎಂದಳು ಕೃತಿ. ಅವಳು ಅಳುತ್ತಿರಲಿಲ್ಲ. ಕಾತ್ಯಾಯಿನಿ ಅದನ್ನೇ ಕದ್ದು ಕದ್ದು ನೋಡುತ್ತಿದ್ದಳು.

ರೈಲು ವಾಪಸು ಬಂತು. ನಿಲ್ಲುವ ಮುಂಚೆಯೇ ತನ್ಮಯ್ ಹಾರಿ ಇಳಿದ. ಈಗ ಅವನಿಗೆ ಇಳಿಯುವುದು ಬಂತು. "ವಿಶ್ವಾಸ್, ಕೊನೇ ಶಾಟ್ ಸಿಕ್ತಾ?" ಎಂದ ಮೊದಲು. ಸಿಕ್ಕಿತೆಂದು ತಿಳಿದ ಮೇಲೆ ಚಿದಾನಂದರ ಭುಜ ತಟ್ಟಿದ. "ಅಂಕಲ್, ಸುಮ್ನೆ ನಿಂತ್ಬಿಟ್ರಲ್ಲ, ಏನ್ ಟೈಮಿಂಗು! ನಾನೇ ಬರ್ದಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ಊಟಕ್ಕೆ ಅಣಿಮಾಡಿದ್ದ ಗೂಡ್ಸ್ ಶೆಡ್ಡಿನ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ಗಾಳಿಗೆ ಬಂತು. ಕೃತಿ ಆ ಕಡೆ ತಿರುಗಿ ನೋಡಿದಳು.

"ಅಮ್ಮ, ಎಲೆ ಹಾಕ್ಸು," ಎಂದಳು. "ಜನಕ್ಕೆ ಹಸಿವಾಗಿದೆ."

"ಧಾರೆ ಆಗ್ಬೇಕಲ್ಲಮ್ಮ ಮೊದ್ಲು?" ಎಂದರು ವೆಂಕಟರಮಣ.

"ಧಾರೆ ಇಲ್ಲ ಅಂಕಲ್. ಊಟ ಇದೆ."

ತನ್ಮಯ್ ನಕ್ಕ. ಇದೂ ಒಂದು ಸೀನ್ ಎಂದುಕೊಂಡಿರಬೇಕು. ಬೇರೆ ಯಾರೂ ನಗದಿದ್ದಾಗ ನಗು ಅರ್ಧಕ್ಕೆ ನಿಂತಿತು. "ಏನ್ ಕೃತಿ, ಕಮಾನ್, ತಮಾಷೆಗೆ ಮಾಡಿದ್ದು," ಎಂದ.

"ಐ ನೋ. ನೀನು ನನ್ನ ಮುಂದೆನೇ ಪಾಸ್ ಆದೆ. ಒಂದ್ಸಲ ನನ್ನ ನೋಡ್ತೀಯೇನೋ ಅಂತ ನಿಂತಿದ್ದೆ. ಅವನನ್ನ ನೋಡ್ದೆ," ಎಂದು ಕೃತಿ ಕ್ಯಾಮೆರಾ ಹಿಡಿದವನ ಕಡೆ ಕೈ ತೋರಿಸಿದಳು. ವಿಶ್ವಾಸ್ ಕ್ಯಾಮೆರಾ ಕೆಳಗಿಳಿಸಿದ. ಆ ಇಡೀ ಬೆಳಿಗ್ಗೆ ಗಂಡಿನ ಕಡೆಯವರಲ್ಲಿ ಯಾರಾದರೂ ಮಾಡಿದ ಮರ್ಯಾದೆಯ ಕೆಲಸ ಅದೊಂದೇ ಎಂದು ಕಾತ್ಯಾಯಿನಿಗೆ ಅನಿಸಿತು.

ಪ್ರಭಾ ಕೂಗಾಡಿದಳು, ಮೈಸೂರಿಂದ ಬಂದವರಿಗೆ ಏನು ಹೇಳುವುದೆಂದು ಕೇಳಿದಳು. ತನ್ಮಯ್ ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ ಸಮಜಾಯಿಷಿ ಕೊಟ್ಟ. ಹಿಂದೆಲ್ಲ ಇಂಥ ಕಡೆ ಕಾತ್ಯಾಯಿನಿಯ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಈಗ ಅವನಿಗಾಗಿ ಒಂದು ಬೈಗುಳ ಹುಡುಕುವುದೂ ದಂಡ ಎನಿಸಿತು. ಅವಳಿಗೆ ಹೆದರಿಕೆ ಇನ್ನೂ ಹೋಗಿರಲಿಲ್ಲ. ನಾಳೆ ಬೆಳಿಗ್ಗೆ ಆ ಪರದೆ ಸರಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಕೃತಿ ಅಪ್ಪನ ಮೊಣಕೈ ಹಿಡಿದು ಶೆಡ್ಡಿನ ಕಡೆ ನಡೆಸಿಕೊಂಡು ಹೊರಟಿದ್ದಳು. ಅವಳು ಬೇಕುಬೇಕೆಂದೇ ಅವರ ಮಂಡಿ ಸಹಿಸುವಷ್ಟು ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಳು.

ಮದುವೆ ಊಟದಲ್ಲಿ ಮೊದಲ ಪಂಕ್ತಿ ಗಂಡಿನ ಕಡೆಯವರದು. ಹೆಣ್ಣು ಹೆತ್ತವರು ಸಾಲುಸಾಲಿಗೆ ಉಪಚಾರ ಹೇಳಿ, ಎಲ್ಲರದೂ ಆದ ಮೇಲೆ, ಉಳಿದದ್ದರಲ್ಲಿ ಕೂರಬೇಕು. ಶೆಡ್ಡಿನ ಬಾಗಿಲಲ್ಲಿ ಬಡಿಸುವವರು ಎಲೆಯ ಕಟ್ಟು ಹಿಡಿದು, ಬೀಗರು ಎಲ್ಲಿ ಕೂರುತ್ತಾರೆಂದು ಕೇಳುತ್ತ ನಿಂತಿದ್ದರು. ಕಾತ್ಯಾಯಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಕೈಯಿಂದ ಕಟ್ಟು ತೆಗೆದುಕೊಂಡಳು. ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಗಂಡನನ್ನು ಕೂರಿಸಿ, ಎಲೆ ಹಾಕಿ, ಕೈಗೆ ಗಾಯವಾಗಿದೆಯೆಂದು ತಾನೇ ಅನ್ನ ಕಲಸತೊಡಗಿದಳು.