ಡ್ರಮ್ಮಿನ ಮುಂದೆ ಭಾವನ ಕೈ

ನನ್ನ ಭಾವನಿಗೆ ಹತ್ತು ಬೆರಳುಗಳಿವೆ. ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತ ಮನುಷ್ಯನಿಗೆ ಇದು ಸಣ್ಣ ಮಾತಲ್ಲ. ಅವರ ವರ್ಕ್‌ಶಾಪಿನಲ್ಲಿ ಹಳಬರು ಕೈಬೀಸಿ ಕರೆದರೆ ಮೊದಲು ಬೆರಳೆಣಿಸಬೇಕು ಅನ್ನಿಸುತ್ತದೆ. ಯಂತ್ರಗಳ ಕಾಳಗದ ಸ್ಪರ್ಧೆಗೆ ಹೊರಟ ಬೆಳಿಗ್ಗೆ ಅವರ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಬಾಗಿಲಲ್ಲಿ ನಿಂತು, "ಹತ್ತು ಕಳಿಸ್ತಿದೀನಿ, ಹತ್ತೂ ವಾಪಸ್ ಬರ್ಬೇಕು" ಅಂದರು. ಹೇಳಿದ್ದು ಗಂಡನಿಗಲ್ಲ, ನನಗೆ.

ನಮ್ಮ ಯಂತ್ರದ ಹೆಸರು ಗಯ್ಯಾಳಿ. ಹೆಸರಿಟ್ಟವರು ನನ್ನ ಗಂಡ. ಯಾರನ್ನು ನೋಡಿ ಇಟ್ಟರೋ ನಾನು ಕೇಳಲು ಹೋಗಲಿಲ್ಲ. ಹದಿನೈದು ಕಿಲೋ ತೂಕ, ಎರಡು ಚಕ್ರ, ಮೂತಿಯಲ್ಲಿ ಎರಡು ಹಲ್ಲಿರುವ, ಗಿರಗಿರ ತಿರುಗುವ ಉಕ್ಕಿನ ಡ್ರಮ್. ಅದು ಪೂರಾ ವೇಗಕ್ಕೆ ಬಂದರೆ ಎದುರಾಳಿಯ ಕಬ್ಬಿಣದ ತಗಡನ್ನು ಕಾಗದದ ಹಾಗೆ ಹರಿದುಹಾಕುತ್ತದೆ. ಮೈ ಮತ್ತು ಡ್ರಮ್ ಭಾವನ ಕೈಕೆಲಸ. ವೈರು, ರಿಮೋಟ್, ಅದರ ಸಿಗ್ನಲ್ ಹಿಡಿಯುವ ರಿಸೀವರ್ ನನ್ನವು. ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಸುಗೆ ಹಾಕು ಅಂದರೂ ಹಾಕುತ್ತೇನೆ. ಈ ಜಂಬ ಆ ದಿನ ಸಂಜೆಯ ತನಕ ನನ್ನಲ್ಲಿತ್ತು.

ಈ ಆಟದಲ್ಲಿ ಮರೆಯಬಾರದ ಎರಡು ನಿಯಮಗಳಿವೆ. ಬ್ಯಾಟರಿಗೂ ಮೋಟರಿಗೂ ನಡುವೆ ಹೆಬ್ಬೆರಳುದ್ದದ ತಾಮ್ರದ ತುಂಡೊಂದನ್ನು ಸಿಕ್ಕಿಸಿರುತ್ತೇವೆ. ಅದಕ್ಕೆ ನಾವು ಕೊಂಡಿ ಅನ್ನುತ್ತೇವೆ, ಕಿತ್ತರೆ ಮೋಟರಿಗೆ ಕರೆಂಟ್ ಹೋಗುವುದಿಲ್ಲ. ಕೊಂಡಿ ಕೀಳುವ ತನಕ ಯಂತ್ರವನ್ನು ಎತ್ತುವ ಹಾಗಿಲ್ಲ, ಮಗುಚುವ ಹಾಗಿಲ್ಲ. ಗಯ್ಯಾಳಿಯ ಕೊಂಡಿಯನ್ನು ಕೀಳುತ್ತಿದ್ದದ್ದು ಯಾವಾಗಲೂ ಭಾವನೇ. ಎರಡನೆಯದು, ರಿಮೋಟಿನ ಸಿಗ್ನಲ್ ಕಡಿದುಹೋದರೆ ಡ್ರಮ್ ತಾನಾಗಿ ನಿಲ್ಲಬೇಕು. ಇದನ್ನು ತೀರ್ಪುಗಾರರ ಎದುರಿಗೇ ಪರೀಕ್ಷೆ ಮಾಡಿ ತೋರಿಸಬೇಕು. ರಿಸೀವರ್ ಬದಲಾಯಿಸಿದರೆ ಮತ್ತೆ ತೋರಿಸಬೇಕು.

ಸೆಮಿಫೈನಲ್‌ನಲ್ಲಿ ಗೆದ್ದೆವು, ಆದರೆ ರಿಸೀವರ್ ನಡು ಮುರಿದು ಎರಡು ಹೋಳಾಯಿತು. ಫೈನಲ್‌ಗೆ ಉಳಿದದ್ದು ಹದಿನೈದು ನಿಮಿಷ. ಬ್ಯಾಡ್ಮಿಂಟನ್ ಹಾಲಿನ ಮೂಲೆಯ ಮೇಜಿನ ಮೇಲೆ ಭಾವ ಡ್ರಮ್ಮಿನ ಸೊಟ್ಟಗಾದ ಹಲ್ಲು ಬದಲಾಯಿಸುತ್ತಿದ್ದರು. ನಾನು ಹೊಸ ರಿಸೀವರನ್ನು ರಿಮೋಟಿಗೆ ಹೊಂದಿಸುತ್ತಿದ್ದೆ. ಎರಡು ಕೈಯೂ ಒಳಗೆ ಬೇಕಾಗಿದ್ದರಿಂದ ರಿಮೋಟನ್ನು ಕಂಕುಳಲ್ಲಿ ಇರುಕಿಕೊಂಡೆ. ರಿಸೀವರಿನ ದೀಪ ಮಿನುಗಿ ನಿಂತಿತು, ಹೊಂದಿಕೆಯಾಯಿತು. ರಿಮೋಟ್ ಹೊರಗೆ ತೆಗೆದು ನೋಡಿದರೆ ಡ್ರಮ್ಮಿನ ವೇಗ ಏರಿಸುವ ಸ್ಟಿಕ್ ತುದಿಯವರೆಗೆ ಮೇಲೆ ಹೋಗಿ ಕೂತಿತ್ತು. ಆ ಸ್ಟಿಕ್ಕಿಗೆ ಸ್ಪ್ರಿಂಗ್ ಇಲ್ಲ, ತಳ್ಳಿದಲ್ಲೇ ನಿಲ್ಲುತ್ತದೆ. ಕೊಂಡಿ ಹಾಕಿರಲಿಲ್ಲವಾದ್ದರಿಂದ ಡ್ರಮ್ ತಿರುಗಲಿಲ್ಲ. ಸ್ಟಿಕ್ಕನ್ನು ಕೆಳಗೆ ಎಳೆದೆ, ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ.

ಭಾವ ತಲೆ ಎತ್ತದೆ ಕೇಳಿದರು, "ಸಿಗ್ನಲ್ ಪರೀಕ್ಷೆ ಆಯ್ತಾ?"

ತೀರ್ಪುಗಾರರು ಹಾಲಿನ ಆ ಕೊನೆಯಲ್ಲಿದ್ದರು. ಅವರನ್ನು ಕರೆದು, ಯಂತ್ರಗಳು ಕಾದಾಡುವ ಪಂಜರ ಖಾಲಿಯಾಗುವುದನ್ನು ಕಾದು, ತೋರಿಸುವುದೆಂದರೆ ಹತ್ತು ನಿಮಿಷ. ಹೊತ್ತು ಮೀರಿದರೆ ಫೈನಲ್ಲೇ ಇಲ್ಲ.

"ಆಯ್ತು ಭಾವ," ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುವುದು ಅದಕ್ಕೇ.

ಫೈನಲ್‌ನಲ್ಲಿ ನಮ್ಮೆದುರು ಬೇಕರಿಯವರ ಯಂತ್ರ. ಅಪ್ಪ ಮಗಳು ಸೇರಿ ಕಟ್ಟಿದ್ದು, ಹೆಸರು ಹೆಂಚು, ನೋಡಲಿಕ್ಕೂ ಹಾಗೇ ಚಪ್ಪಟೆ. ಬೆರಳು ದಪ್ಪದ ಪಾರದರ್ಶಕ ಗೋಡೆಗಳ ಪಂಜರದೊಳಗೆ ಎರಡನ್ನೂ ಬಿಟ್ಟು ಬಾಗಿಲು ಹಾಕಿದರು. ಮೊದಲ ಅರ್ಧ ನಿಮಿಷ ಹೆಂಚು ನಮ್ಮನ್ನು ಗೋಡೆಯಿಂದ ಗೋಡೆಗೆ ನೂಕಿ ನೀರು ಕುಡಿಸಿತು. ಆಮೇಲೆ ಗಯ್ಯಾಳಿಯ ಹಲ್ಲು ಅದರ ಚಕ್ರಕ್ಕೆ ಸಿಕ್ಕಿತು. ಚಕ್ರ ಹಾರಿಹೋಗಿ ಚಾವಣಿಗೆ ಬಡಿಯಿತು. ಭಾವ ನನ್ನ ಪಕ್ಕದಲ್ಲಿ ಗಂಟಲಿನಲ್ಲೇ ನಕ್ಕರು.

ನಾನು ಡ್ರಮ್ ನಿಲ್ಲಿಸಿ ಹಿಂದೆ ಸರಿದೆ. ಗಯ್ಯಾಳಿ ಹೆಂಚಿನ ಹಿಂದೆ, ದೂರದ ಮೂಲೆಗೆ ಹೋಯಿತು. ಅಲ್ಲಿ ಒಂದು ಗಳಿಗೆ ಅದು ನನ್ನ ಮಾತು ಕೇಳಲಿಲ್ಲ. ರಿಮೋಟಿನ ಪರದೆಯಲ್ಲಿ ಸಿಗ್ನಲಿನ ಗುರುತು ಮಾಯವಾಗಿತ್ತು. ಅದೇ ಗಳಿಗೆಯಲ್ಲಿ ಡ್ರಮ್ ಕೂಗಿತು. ಸ್ಟಿಕ್ ಕೆಳಗಿತ್ತು, ನನ್ನ ಬೆರಳು ಅದರ ಮೇಲೇ ಇತ್ತು. ಡ್ರಮ್ ತನ್ನಷ್ಟಕ್ಕೆ ವೇಗ ಹಿಡಿದು ನೆಲ ಕಚ್ಚಿತು, ಗಯ್ಯಾಳಿ ಎಗರಿ ಬೆನ್ನಡಿಯಾಗಿ ಬಿತ್ತು. ಸಿಗ್ನಲ್ ವಾಪಸ್ ಬಂತು. ಡ್ರಮ್ ನಿಂತಿತು.

ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಅದು ವಿಜಯದ ಕುಣಿತದಂತೆ ಕಂಡಿರಬೇಕು. ತೀರ್ಪುಗಾರರು ಹತ್ತು ಎಣಿಸಿದರು, ಹೆಂಚು ಅಲುಗಲಿಲ್ಲ. ಗೆದ್ದದ್ದು ನಾವು.

ನನ್ನ ತಲೆಯಲ್ಲಿ ಮಾತ್ರ ಕಂಕುಳಲ್ಲಿದ್ದ ರಿಮೋಟ್ ಸುಳಿಯುತ್ತಿತ್ತು. ಹೊಂದಿಸುವ ಗಳಿಗೆಯಲ್ಲಿ ಸ್ಟಿಕ್ ಎಲ್ಲಿರುತ್ತದೋ ಅದನ್ನೇ ಈ ರಿಸೀವರುಗಳು ನೆನಪಿಟ್ಟುಕೊಳ್ಳುತ್ತವೆ. ಸಿಗ್ನಲ್ ಕಡಿದರೆ ಅಲ್ಲಿಗೇ ಹೋಗುತ್ತವೆ. ಆಗ ಸ್ಟಿಕ್ ಇದ್ದದ್ದು ತುತ್ತತುದಿಯಲ್ಲಿ. ರಿಮೋಟ್ ಸತ್ತರೆ ನಮ್ಮ ಡ್ರಮ್ ನಿಲ್ಲುವುದಿಲ್ಲ, ಪೂರಾ ವೇಗದಲ್ಲಿ ಹೊರಡುತ್ತದೆ.

ಅಷ್ಟರಲ್ಲಿ ರಿಮೋಟ್ ಕೀಚ್ ಅಂದಿತು. ಬ್ಯಾಟರಿಯ ಕೆಂಪು ದೀಪ. ಬೆಳಿಗ್ಗೆಯಿಂದ ಉರಿಯುತ್ತಿದ್ದ ಸೆಲ್ಲುಗಳು, ಬದಲಾಯಿಸಲು ಮರೆತಿದ್ದೆ. ಪಕ್ಕಕ್ಕೆ ತಿರುಗಿದರೆ ಭಾವ ಇರಲಿಲ್ಲ. ಬಾಗಿಲು ತೆಗೆದು ಆಗಲೇ ಪಂಜರದೊಳಗೆ ಹೋಗಿದ್ದರು.

ಗಯ್ಯಾಳಿ ಬೆನ್ನಡಿಯಾಗಿದ್ದರಿಂದ ಕೊಂಡಿ ಅಡಿಯಲ್ಲಿತ್ತು. ಅವರು ನೆಲದ ಮೇಲೆ ಬೋರಲು ಮಲಗಿ, ಡ್ರಮ್ಮಿನ ಪಕ್ಕದಿಂದ ಬಲಗೈ ತೂರಿಸುತ್ತಿದ್ದರು. ಮುಂಗೈ ಸರಿಯಾಗಿ ಆ ಎರಡು ಹಲ್ಲಿನ ಮುಂದೆ.

"ಭಾವ," ಅಂತ ಕೂಗಿದೆ. ಲೇತಿನ ಸದ್ದಿಗೆ ಅವರ ಕಿವಿ ಎಂದೋ ಮಂದವಾಗಿದೆ, ಜತೆಗೆ ಇಡೀ ಹಾಲಿನಲ್ಲಿ ಗದ್ದಲ. ಕೇಳಿಸಲಿಲ್ಲ. ರಿಮೋಟ್ ಮತ್ತೆ ಕೀಚ್ ಅಂದಿತು. ಎರಡು ಕೀಚುಗಳ ನಡುವಿನ ಹೊತ್ತು ಕಿರಿದಾಗುತ್ತಿತ್ತು.

ಓಡಿಹೋಗಿ ಎಳೆದುಬಿಡೋಣ ಅನ್ನಿಸಿತು. ಆದರೆ ಬೆಚ್ಚಿಬಿದ್ದು ಕೈ ಸೆಳೆದರೆ ತೋಳು ಹಲ್ಲಿಗೇ ತಾಗುತ್ತದೆ, ಓಡುವಾಗ ರಿಮೋಟ್ ಕೈಜಾರಿದರೆ ಅಲ್ಲಿಗೆ ಮುಗಿಯಿತು. ರಿಮೋಟನ್ನು ಎರಡೂ ಕೈಯಲ್ಲಿ ತುಂಬಿದ ಬಟ್ಟಲಿನ ಹಾಗೆ ಹಿಡಿದು ನಡೆದೆ. ಬಾಗಿಲಲ್ಲಿದ್ದ ತೀರ್ಪುಗಾರರು ವಾರವಿಡೀ ಬಸ್ಸು ಓಡಿಸುವ ಮನುಷ್ಯ, ಅವರ ದನಿ ಎಂಥ ಗದ್ದಲದಲ್ಲೂ ಕೇಳುತ್ತದೆ. "ಒಬ್ಬರೇ ಒಳಗೆ," ಅಂದರು.

"ನಮ್ಮ ಸಿಗ್ನಲ್ ಪರೀಕ್ಷೆ ಆಗಿಲ್ಲ," ಅಂದೆ. "ರಿಸೀವರ್ ಬದಲಾಯಿಸಿ ನಿಮಗೆ ಹೇಳ್ಲಿಲ್ಲ. ಇದು ಆಫ್ ಆದ್ರೆ ಡ್ರಮ್ ತಿರುಗುತ್ತೆ. ದಾರಿ ಬಿಡಿ."

ಅವರು ನನ್ನ ಮುಖ ನೋಡಿದರು. ಗೆದ್ದ ಕಪ್ ಕೈತಪ್ಪಿತೆಂದು ಇಬ್ಬರಿಗೂ ಗೊತ್ತಿತ್ತು. ದಾರಿ ಬಿಟ್ಟರು.

ಭಾವನ ತಲೆಯ ಹತ್ತಿರ, ಅವರ ಕಣ್ಣಿಗೆ ಬೀಳುವ ಹಾಗೆ, ಮೆಲ್ಲಗೆ ಮಂಡಿಯೂರಿದೆ. ರಿಮೋಟ್ ಈಗ ಬಿಡದೆ ಕಿರುಚುತ್ತಿತ್ತು.

"ಸಿಕ್ತಾ ಇಲ್ಲ ಇದು," ಅಂದರು ಭಾವ. "ಇನ್ನೊಂದ್ ಸ್ವಲ್ಪ."

"ಭಾವ, ಕೈ ಹೊರಗೆ ತೆಗೀರಿ. ನಿಧಾನಕ್ಕೆ. ಬಂದ ದಾರೀಲೇ."

ಅವರು ಕೆಂಪು ದೀಪ ನೋಡಿದರು. ಆಮೇಲೆ ನನ್ನನ್ನು. ಯಂತ್ರದ ಜತೆ ಮುದುಕರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ, ಪರೀಕ್ಷೆ ಆಯ್ತು ಅಂದಿದ್ದೆಯಲ್ಲ ಅನ್ನುವ ನೋಟ. ಭಯವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮೊಣಕೈ ಬಂತು. ಮುಂಗೈ ಬಂತು. ಅಂಗಿಯ ತೋಳು ಒಂದು ಹಲ್ಲಿಗೆ ಸಿಕ್ಕಿಕೊಂಡಿತು. ಅವರು ಎಳೆಯಲಿಲ್ಲ, ಎಡಗೈಯಿಂದ ಬಟ್ಟೆಯನ್ನು ಬಿಡಿಸಿದರು. ಬೆರಳುಗಳು ಬಂದವು. ಇಬ್ಬರೂ ಹಿಂದೆ ಹಿಂದೆ ಸರಿದು ಹೊರಬಂದೆವು, ತೀರ್ಪುಗಾರರು ಬಾಗಿಲು ಹಾಕಿ ಅಗುಳಿ ಜಡಿದರು.

ಇಪ್ಪತ್ತು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ರಿಮೋಟಿನ ಪರದೆ ಕಪ್ಪಾಯಿತು, ಡ್ರಮ್ ಕೂಗಿತು. ಗಯ್ಯಾಳಿ ನೆಲದಿಂದ ಎಗರಿ ನಾವು ನಿಂತಿದ್ದ ಗೋಡೆಗೇ ಬಂದು ಅಪ್ಪಳಿಸಿತು. ಬಿತ್ತು, ಮತ್ತೆ ಎಗರಿತು. ಸ್ವಲ್ಪ ಹೊತ್ತಿಗೆ ಮುಂಚೆ ಭಾವನ ಕೈ ಇದ್ದ ಜಾಗದಲ್ಲಿ ನೆಲದ ಹಲಗೆ ಸೀಳಿಹೋಗಿತ್ತು. ಬೇಕರಿಯವರು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಾಗೇ ಬಿಟ್ರೆ ಬ್ಯಾಟರಿಗೆ ಬೆಂಕಿ ಹತ್ತುತ್ತೆ," ಅಂದರು ತೀರ್ಪುಗಾರರು. "ಬೇಗ ಏನಾದ್ರೂ ಮಾಡಿ."

ರಿಮೋಟಿಗೆ ಹೊಸ ಸೆಲ್ ಹಾಕಬೇಕಿತ್ತು. ನನ್ನ ಬೆರಳಿಗೆ ಅದರ ಮುಚ್ಚಳ ತೆರೆಯುವುದೇ ಆಗಲಿಲ್ಲ. ಭಾವ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಸೆಲ್ ಹಾಕಿ, ಸ್ಟಿಕ್ ಕೆಳಗಿಳಿಸಿ ಆನ್ ಮಾಡಿದರು. ಡ್ರಮ್ಮಿನ ವೇಗ ಇಳಿಯಿತು, ನಿಂತಿತು. ಗಯ್ಯಾಳಿ ಮತ್ತೆ ಬೆನ್ನಡಿಯಾಗಿ ಬಿದ್ದಿತ್ತು, ಸಂದಿಯಿಂದ ಹೊಗೆ ಬರುತ್ತಿತ್ತು. ಯಾರಾದರೂ ಒಬ್ಬರು ಕೈ ಹಾಕಲೇಬೇಕಿತ್ತು.

ಭಾವ ಬಾಗಿಲ ಕಡೆ ಹೆಜ್ಜೆಯಿಟ್ಟರು. ನಾನು ಅಡ್ಡ ನಿಂತೆ.

"ನಾನ್ ಹೋಗ್ತೀನಿ."

"ನಿಂಗೆ ಅಭ್ಯಾಸ ಇಲ್ಲ."

"ನೀವು ಇನ್ನೊಂದ್ಸಲ ಅದರ ಮುಂದೆ ಮಲಗೋದನ್ನ ನೋಡಕ್ಕೆ ನನ್ ಕೈಲಾಗಲ್ಲ ಭಾವ."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಹೋಗಿ ಅವರ ಹಾಗೆಯೇ ಬೋರಲು ಮಲಗಿದೆ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಡ್ರಮ್ಮಿನ ಹಲ್ಲು ಕಣ್ಣಿನಿಂದ ಗೇಣು ದೂರದಲ್ಲಿತ್ತು, ಅದರ ತುದಿಯಲ್ಲಿ ಹಲಗೆಯ ಸಿಬಿರು ಅಂಟಿಕೊಂಡಿತ್ತು. ರಿಮೋಟ್ ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ, ಭಾವನ ಕೈಯಲ್ಲಿತ್ತು. ನನಗೆ ಕಾಣುತ್ತಿರಲಿಲ್ಲ.

"ಆನ್ ಇದೆ," ಅಂದರು ಅವರು. "ಸ್ಟಿಕ್ ಕೆಳಗಿದೆ. ಸೆಲ್ ಹೊಸದು, ನಾನೇ ನೋಡಿದೀನಿ. ಕೈ ಹಾಕು."

ನಾನು ಕೈ ಹಾಕಿದೆ. ಮುಂಗೈ ಹಲ್ಲಿನ ಮುಂದೆ ದಾಟಿತು, ಬೆರಳಿಗೆ ಬಿಸಿ ತಾಮ್ರ ತಾಗಿತು, ಹಿಡಿದು ಎಳೆದೆ. ಕೊಂಡಿ ಕಿತ್ತು ಬಂತು. ಅದು ಅಂಗೈಯಲ್ಲಿ ಸುಡುತ್ತಿರುವಾಗ ಗೊತ್ತಾಯಿತು, ನಾನು ಒಂದು ಸಲವೂ ಹಿಂದೆ ತಿರುಗಿ ನೋಡಿರಲಿಲ್ಲ. ತಿರುಗಿ ನೋಡಬೇಕು ಅಂತಲೇ ಅನ್ನಿಸಿರಲಿಲ್ಲ, ಹೇಳಿದ್ದು ಭಾವ ಆಗಿದ್ದರಿಂದ. ನಾನು ಹೇಳಿದ "ಆಯ್ತು" ನಂಬಿ ಅವರು ಕೈ ತೂರಿಸಿದ್ದೂ ಹೀಗೆಯೇ. ಅಲ್ಲೇ, ಸೀಳಿದ ಹಲಗೆಗೆ ಹಣೆಯಿಟ್ಟು, ಅಷ್ಟೂ ಜನರೆದುರಿಗೆ ನಾನು ಗೊಳೋ ಎಂದು ಅತ್ತೆ.